ಕಿಡ್ನಿಗೆ ಮಿಷನ್ ಬಂತು, ಮನಸ್ಸಿಗೆ ಯಾರು ಬಂದರು?

ಸೋಮವಾರ, ಬುಧವಾರ, ಶುಕ್ರವಾರ. ಇಲ್ಲವೆಂದರೆ ಮಂಗಳವಾರ, ಗುರುವಾರ, ಶನಿವಾರ. ನಮ್ಮ ಮಂಡ್ಯ ಜಿಲ್ಲೆಯಲ್ಲಿ ಒಂದಷ್ಟು ಜನರಿಗೆ ಪಂಚಾಂಗ ಅಂದರೆ ಇಷ್ಟೇ. ಯುಗಾದಿ ಬರಲಿ, ಮಾರಿಹಬ್ಬ ಬರಲಿ, ಮನೆಯಲ್ಲಿ ಮಗಳ ಮದುವೆಯೇ ನಡೆಯುತ್ತಿರಲಿ, ಆ ದಿನ ಬಂತೆಂದರೆ ಬೆಳಗಿನ ಬಸ್ಸು ಹಿಡಿಯಬೇಕು, ಆಸ್ಪತ್ರೆಯ ಹಾಸಿಗೆ ಮೇಲೆ ಮಲಗಬೇಕು, ತೋಳಿಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು ನಾಲ್ಕು ಗಂಟೆ ಸೂರು ನೋಡಬೇಕು. ಎರಡೂ ಮೂತ್ರಪಿಂಡ ಕೈಕೊಟ್ಟವರ ಪಾಡು ಇದು. ಡಾಕ್ಟರ ಬಾಯಲ್ಲಿ ಡಯಾಲಿಸಿಸ್. ಹಳ್ಳಿಯವರ ಬಾಯಲ್ಲಿ ‘ರಕ್ತ ತೊಳೆಸೋದು’.

ವಾರಕ್ಕೆ ಮೂರು ಸಲದಂತೆ ವರ್ಷಕ್ಕೆ 156 ಸಲ. ಸಲಕ್ಕೆ ನಾಲ್ಕು ಗಂಟೆಯಂತೆ 624 ಗಂಟೆ. ಬಸ್ಸಿಗೆ ಕಾದದ್ದು, ಸರದಿಗೆ ಕಾದದ್ದು, ಮುಗಿದ ಮೇಲೆ ತಲೆ ಸುತ್ತಿ ಬೆಂಚಿನ ಮೇಲೆ ಒರಗಿದ್ದು ಈ ಲೆಕ್ಕಕ್ಕೆ ಸೇರಿಲ್ಲ. ಎಷ್ಟೋ ಕಡೆ ವಾರಕ್ಕೆ ಎರಡೇ ಸಲ ಸಿಗುತ್ತದೆ. ಅಂಥವರ ಪಾಡು ಇನ್ನೂ ಕಷ್ಟ.

ಚರಂಡಿ, ಬೀದಿದೀಪ, ನಾಲೆ ನೀರು ಅಂತ ಬರೆಯುವ ಈ ಅಂಕಣದಲ್ಲಿ ಕಿಡ್ನಿ ವಿಷಯ ಯಾಕೆ ಬಂತು ಎಂದು ಓದುಗರು ಕೇಳಬಹುದು. ಕಾರಣವಿದೆ. ರಕ್ತ ತೊಳೆಯುವ ಯಂತ್ರ ಈಗ ತಾಲ್ಲೂಕು ಆಸ್ಪತ್ರೆವರೆಗೂ ಬಂದಿದೆ, ಸಂತೋಷ. ಆದರೆ ಆ ಯಂತ್ರದ ಪಕ್ಕ ಮಲಗಿದವರ ಮನಸ್ಸು ದಿನದಿನಕ್ಕೂ ಕುಸಿಯುತ್ತಿದ್ದರೆ ಕೇಳೋರು ಯಾರು? ಕೇಳುವ ಏರ್ಪಾಡು ಅದೇ ಕಾಂಪೌಂಡಿನಲ್ಲಿ ಇದ್ದೂ ಇಲ್ಲದ ಹಾಗಿದೆ. ಆ ಕಥೆಗೆ ಆಮೇಲೆ ಬರೋಣ.

ಬಾಯಾರಿಕೆಯ ಲೆಕ್ಕ

ಹಿಂದೆ ಈ ಕಾಯಿಲೆ ಬಂದರೆ ಮೈಸೂರಿಗೋ ಬೆಂಗಳೂರಿಗೋ ಓಡಬೇಕಿತ್ತು. ಖಾಸಗಿಯಲ್ಲಿ ಒಂದೊಂದು ಸಲಕ್ಕೂ ಸಾವಿರಾರು ರೂಪಾಯಿ. ಮೊದಲು ಒಡವೆ, ಆಮೇಲೆ ಹಸು, ಕೊನೆಗೆ ಗದ್ದೆ. ಅಷ್ಟೂ ಹೋದ ಮೇಲೆ ಮನುಷ್ಯನೂ ಹೋಗುತ್ತಿದ್ದ. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿದ ಮೇಲೆ ಬಡವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಇದು ಪುಕ್ಕಟೆ ಆಯಿತು. ಇದರಿಂದ ಜೀವ ಉಳಿದವರು ಕಡಿಮೆ ಜನ ಅಲ್ಲ. ಯಾರು ಏನೇ ಹೇಳಲಿ, ಇದು ಒಳ್ಳೆ ಕೆಲಸ.

ಆದರೆ ಪ್ರಾಣ ಉಳಿಯೋದು ಬೇರೆ, ಬದುಕೋದು ಬೇರೆ ಸ್ವಾಮಿ. ಕಿಡ್ನಿ ಹೋದವರಿಗೆ ಮೂತ್ರ ಸರಿಯಾಗಿ ಆಗುವುದಿಲ್ಲ. ಕುಡಿದ ನೀರೆಲ್ಲಾ ಮೈಯಲ್ಲೇ ನಿಂತು ಕಾಲು ಬಾತು, ಶ್ವಾಸಕೋಶಕ್ಕೆ ನೀರು ತುಂಬಿ ಉಸಿರು ಕಟ್ಟುತ್ತದೆ. ಅದಕ್ಕೇ ನೀರಿಗೆ ಅಳತೆ. ಕೆಲವರಿಗೆ ದಿನವಿಡೀ ಒಂದು ಲೀಟರೂ ಇಲ್ಲ. ಕಾಫಿ, ಮಜ್ಜಿಗೆ, ಸಾರು ಎಲ್ಲಾ ಅದರಲ್ಲೇ ಲೆಕ್ಕ. ಏಪ್ರಿಲ್ ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆ ಬಾಯಿ ಒಣಗಿದರೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ ಉಗುಳಬೇಕು.

ಇನ್ನು ಎಳನೀರು! ಮದ್ದೂರಿನ ಎಳನೀರು ಮಾರುಕಟ್ಟೆ ದೇಶಕ್ಕೇ ಗೊತ್ತು. ಲಾರಿಗಟ್ಟಲೆ ಕಾಯಿ ಊರೂರಿಗೆ ಹೋಗುವುದು ಇಲ್ಲಿಂದ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಇಲ್ಲದವರ ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ನಿಂತುಹೋಗಬಹುದು. ತನ್ನ ತೋಟದ ಎಳನೀರನ್ನೇ ತಾನು ಮುಟ್ಟುವ ಹಾಗಿಲ್ಲ. ಬಾಳೆಹಣ್ಣಿಗೂ ಅದೇ ಕಟ್ಟಪ್ಪಣೆ.

ಅಡಿಗೆಮನೆಯಲ್ಲೂ ಪೇಚಾಟ. ಸೊಪ್ಪು ತರಕಾರಿಯನ್ನು ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಿ ತಿನ್ನಬೇಕು ಎನ್ನುತ್ತಾರೆ ಆಹಾರ ತಜ್ಞರು. ನಮ್ಮದೋ ಬಸ್ಸಾರಿನ ಸೀಮೆ! ಬಸಿದ ನೀರಿನಲ್ಲೇ ಸಾರು ಮಾಡುವ ಹೆಂಗಸಿಗೆ ‘ಅದನ್ನ ಚೆಲ್ಲಮ್ಮ’ ಎಂದರೆ ಹೇಗಾಗಬೇಕು? ಗಂಡನಿಗೆ ಬೇರೆ, ಮಕ್ಕಳಿಗೆ ಬೇರೆ ಅಡಿಗೆ. ಎಲ್ಲರ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದವನು ಮೂಲೆಯಲ್ಲಿ ಬೇರೆ ತಟ್ಟೆ ಹಿಡಿದು ಕೂರುತ್ತಾನೆ. ನೆಂಟರ ಮನೆಗೆ ಹೋಗುವುದನ್ನೇ ಬಿಡುತ್ತಾನೆ.

ಸೂಜಿ ಚುಚ್ಚಲಿಕ್ಕೆಂದು ತೋಳಿನ ಎರಡು ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿರುತ್ತಾರೆ. ಕೈಯಿಟ್ಟು ನೋಡಿದರೆ ಒಳಗೆ ಜೇನುಹುಳು ಇದ್ದ ಹಾಗೆ ಗುಂಯ್ ಅನ್ನುತ್ತದೆ. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ. ಕಬ್ಬಿನ ಹೊರೆ ಹೊತ್ತ ತೋಳು ಒಂದು ಬಿಂದಿಗೆ ನೀರು ಎತ್ತುವ ಹಾಗಿಲ್ಲವೆಂದರೆ, ಆಳಾಗಿ ದುಡಿದವನಿಗೆ ಅದು ಬರೀ ಕಾಯಿಲೆಯಲ್ಲ, ಮರ್ಯಾದೆಯ ಪ್ರಶ್ನೆ.

‘ಸಾಕಪ್ಪಾ’ ಅನ್ನುವ ಮಾತು

ಡಯಾಲಿಸಿಸ್ ಕೋಣೆಯ ಹೊರಗೆ, ಕಾದು ಕೂತವರ ಬೆಂಚಿನಲ್ಲಿ ಅರ್ಧ ದಿನ ಕೂತರೆ ಸಾಕು, ಕೆಲವು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ.

“ನನ್ ಹಿಂದೆ ಇವ್ಳೂ ಹಾಳಾದ್ಲು ಕಣಣ್ಣ. ವಾರ್ದಲ್ಲಿ ಮೂರ್ ದಿನ ಕೂಲಿ ತಪ್ತದೆ.”

“ಹುಡ್ಗೀಗ್ ಗಂಡ್ ನೋಡೋಕ್ ಬಂದೋರು, ಅಪ್ಪಂಗೆ ಕಿಡ್ನಿ ಇಲ್ವಂತೆ ಅಂದು ಎದ್ದೋದ್ರು.”

“ಎಷ್ಟ್ ವರ್ಷ ಹಿಂಗೆ? ಸಾಕಪ್ಪಾ ಸಾಕು.”

ಈ ಕೊನೆಯ ‘ಸಾಕಪ್ಪಾ’ ಇದೆಯಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮೊದಲು ಮಾತು ಕಡಿಮೆಯಾಗುತ್ತದೆ. ಆಮೇಲೆ ಒಂದು ಸಲ ಡಯಾಲಿಸಿಸ್ ತಪ್ಪುತ್ತದೆ. ‘ಬಸ್ಸು ಸಿಗಲಿಲ್ಲ’ ಎಂಬ ನೆಪ. ಇನ್ನೊಂದು ಸಲ ‘ಮೈ ಸರಿಯಿರಲಿಲ್ಲ’. ಮನೆಯವರು ಸೋಮಾರಿತನ ಅಂದುಕೊಳ್ಳುತ್ತಾರೆ. ಅದು ಸೋಮಾರಿತನವಲ್ಲ, ಒಳಗೆ ಆಸೆ ಬತ್ತುತ್ತಿರುವ ಗುರುತು. ಎರಡು ಮೂರು ಸಲ ಸತತವಾಗಿ ತಪ್ಪಿಸಿದರೆ ಪ್ರಾಣಕ್ಕೇ ಸಂಚಕಾರ.

ಮನೋವೈದ್ಯರು ಇದನ್ನು ಖಿನ್ನತೆ ಎನ್ನುತ್ತಾರೆ. ದೇಶವಿದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಡಯಾಲಿಸಿಸ್ ಮಾಡಿಸಿಕೊಳ್ಳುವ ನಾಲ್ಕೈದು ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಕಂಡಿದೆ. ಇದು ಡಾಕ್ಟರು ಎದುರು ಕೂರಿಸಿಕೊಂಡು ವಿಚಾರಿಸಿದಾಗ ಸಿಕ್ಕಿದ ಲೆಕ್ಕ. ಬರೀ ಪ್ರಶ್ನೆಪಟ್ಟಿ ಕೊಟ್ಟು ತುಂಬಿಸಿಕೊಂಡಾಗ ಇನ್ನೂ ಜಾಸ್ತಿ. ಹತ್ತು ಹಾಸಿಗೆಯ ಕೋಣೆ ಎಂದು ಇಟ್ಟುಕೊಂಡರೆ ಯಾವ ಹೊತ್ತಿನಲ್ಲೂ ಇಬ್ಬರ ಮನಸ್ಸಿಗೆ ಔಷಧ ಬೇಕು ಎಂದಾಯಿತು.

ಹಾಗಾದರೆ ಯಾರಿಗೂ ಯಾಕೆ ಗೊತ್ತಾಗುವುದಿಲ್ಲ? ಇಲ್ಲೇ ಇರೋದು ತೊಡಕು. ಖಿನ್ನತೆಯ ಲಕ್ಷಣ ಯಾವುವು? ನಿದ್ದೆ ಬರದು, ಊಟ ಸೇರದು, ಸುಸ್ತು, ಯಾವುದರಲ್ಲೂ ಮನಸ್ಸಿಲ್ಲ. ಕಿಡ್ನಿ ಕಾಯಿಲೆಯ ಲಕ್ಷಣ ಯಾವುವು? ನಿದ್ದೆ ಬರದು, ಊಟ ಸೇರದು, ಸುಸ್ತು. ಒಂದರ ನೆರಳಲ್ಲಿ ಇನ್ನೊಂದು ಅಡಗಿ ಕೂರುತ್ತದೆ. ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡುತ್ತಾರೆ, ಟೆಕ್ನಿಷಿಯನ್ ಯಂತ್ರದ ಮುಳ್ಳು ನೋಡುತ್ತಾನೆ, ಹೆಂಡತಿ ತಟ್ಟೆಯಲ್ಲಿ ಉಳಿದ ಅನ್ನ ನೋಡುತ್ತಾಳೆ. ಮನಸ್ಸು ನೋಡುವುದು ಯಾರ ಡ್ಯೂಟಿಯೂ ಅಲ್ಲ!

ಧೈರ್ಯ ಹೇಳುವವರ ಕಾಟ

ಇದರ ಮೇಲೆ ಧೈರ್ಯ ಹೇಳಲು ಬರುವವರ ಹಾವಳಿ ಬೇರೆ. ಕಿತ್ತಳೆ ಹಣ್ಣಿನ ಚೀಲ ಹಿಡಿದು ಬರುತ್ತಾರೆ (ಅದನ್ನೂ ತಿನ್ನುವಂತಿಲ್ಲ). “ಏನೂ ಆಗಲ್ಲ ಬಿಡಪ್ಪ, ಮೂರು ತಿಂಗಳಲ್ಲಿ ಸರಿ ಹೋಯ್ತದೆ” ಎನ್ನುತ್ತಾರೆ. ಸರಿ ಹೋಗುವುದಿಲ್ಲ ಎಂದು ಮಲಗಿದವನಿಗೆ ಗೊತ್ತು, ಹೇಳುವವರಿಗೂ ಗೊತ್ತು. ಮೂರು ತಿಂಗಳಾದ ಮೇಲೆ ಆ ಮಾತು ಸುಳ್ಳಾಗಿ, ಇದ್ದ ಧೈರ್ಯವೂ ಇಳಿಯುತ್ತದೆ.

ಇನ್ನು ಕೆಲವರು ನಾಟಿ ಔಷಧದ ವಿಳಾಸ ತರುತ್ತಾರೆ. ‘ಡಯಾಲಿಸಿಸ್ ಬಿಡು, ಈ ಪುಡಿ ಕುಡಿ’ ಎನ್ನುವ ಮಹಾನುಭಾವರಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಎರಡೂ ಮೂತ್ರಪಿಂಡ ಪೂರ್ತಿ ಸೋತವರು ಡಯಾಲಿಸಿಸ್ ಬಿಟ್ಟರೆ ಸಾಮಾನ್ಯವಾಗಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಇಂಥ ಮಾತು ಹೇಳುವವರು ಆಸೆ ಮಾರುತ್ತಿಲ್ಲ, ಸಾವು ಮಾರುತ್ತಿದ್ದಾರೆ.

ಹಾಗೆಂದು ಆಸೆಯೇ ಬೇಡವೆ? ಬೇಕು. ಯಾವ ಆಸೆ ಅನ್ನೋದೇ ಪ್ರಶ್ನೆ.

ಸಿಯಾಟಲ್‌ನ ಆ ಕಾರ್ಮಿಕ

ಈ ಯಂತ್ರದ ಚರಿತ್ರೆ ಕೇಳಿದರೆ ಸ್ವಲ್ಪ ಧೈರ್ಯ ಬರುತ್ತದೆ. ಎರಡನೇ ಮಹಾಯುದ್ಧದ ಕಾಲ. ಜರ್ಮನರ ಹಿಡಿತದಲ್ಲಿದ್ದ ಹಾಲೆಂಡಿನಲ್ಲಿ ವಿಲೆಮ್ ಕಾಲ್ಫ್ ಎಂಬ ಡಾಕ್ಟರು, ಮಾಂಸದ ಸಾಸೇಜಿಗೆ ಸುತ್ತುವ ಸೆಲೋಫೇನ್ ಕೊಳವೆ ಸುತ್ತಿ 1943ರಲ್ಲಿ ಕೃತಕ ಮೂತ್ರಪಿಂಡ ಕಟ್ಟಿದರು. ಮೊದಲ ಹದಿನೈದಿಪ್ಪತ್ತು ರೋಗಿಗಳು ಬದುಕಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಬದುಕಿಕೊಂಡರು.

ಆದರೂ ಅದು ನಾಲ್ಕು ದಿನದ ಮಟ್ಟಿಗೆ ಕಿಡ್ನಿ ನಿಂತವರಿಗೆ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಶಾಶ್ವತವಾಗಿ ಕಿಡ್ನಿ ಕಳೆದುಕೊಂಡವರಿಗೆ ದಾರಿಯೇ ಇರಲಿಲ್ಲ. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್, ಮತ್ತೆ ಮತ್ತೆ ರಕ್ತ ತೆಗೆಯಲು ಕೈಯಲ್ಲೇ ಬಿಡಬಹುದಾದ ಟೆಫ್ಲಾನ್ ಕೊಳವೆ ಕಂಡುಹಿಡಿದರು. ಅದನ್ನು ಮೊದಲು ಹಾಕಿಸಿಕೊಂಡವರು ಕ್ಲೈಡ್ ಶೀಲ್ಡ್ಸ್ ಎಂಬ ಕಾರ್ಖಾನೆ ಕಾರ್ಮಿಕ. ಸಾವಿನ ಬಾಗಿಲಲ್ಲಿದ್ದವರು ಆಮೇಲೆ 11 ವರ್ಷ ಬದುಕಿದರು, 1971ರವರೆಗೆ. ಗುಣವಾದರೇ? ಇಲ್ಲ. ಕಿಡ್ನಿ ವಾಪಸ್ ಬರಲೇ ಇಲ್ಲ. ಆದರೂ 11 ವರ್ಷ ಅಂದರೆ ಒಂದು ಮಗು ಹುಟ್ಟಿ ಮಿಡ್ಲ್ ಸ್ಕೂಲಿಗೆ ಹೋಗುವಷ್ಟು ಕಾಲ!

ನಾವು ಹೇಳುವ ಆಸೆ ಇಂಥದು. ‘ಗುಣವಾಗುತ್ತೇನೆ’ ಎಂಬ ಆಸೆಯಲ್ಲ. ‘ಮಗಳ ಎಸ್ಸೆಸ್ಸೆಲ್ಸಿ ನೋಡುತ್ತೇನೆ’, ‘ಈ ಸಲದ ಭತ್ತ ನಾನೇ ಅಳೆಸುತ್ತೇನೆ’ ಎಂಬ ಆಸೆ. ತಾರೀಖು ಇರುವ ಆಸೆ, ಕೈಗೆಟುಕುವ ಆಸೆ. ಡಯಾಲಿಸಿಸ್ ಕೋಣೆಗಳಲ್ಲಿ ಚೆನ್ನಾಗಿ ದಿನ ದೂಡುತ್ತಿರುವವರನ್ನು ಗಮನಿಸಿ ನೋಡಿ. ಅವರಿಗೆ ಮಾಡಲು ಏನಾದರೂ ಒಂದು ಕೆಲಸ ಇರುತ್ತದೆ. ಬಿಡುವಿನ ದಿನ ಹೊಲಿಗೆ ಮಿಷನ್ ತುಳಿಯುವ ಹೆಂಗಸು, ಸಣ್ಣ ಅಂಗಡಿಯ ಗಲ್ಲಾದಲ್ಲಿ ಕೂರುವ ಮುದುಕ, ಡೈರಿಯಲ್ಲಿ ಹಾಲಿನ ಲೆಕ್ಕ ಬರೆಯುವ ಹುಡುಗ. ದುಡ್ಡು ಎಷ್ಟು ಬರುತ್ತದೆ ಅನ್ನೋದಲ್ಲ. ‘ನಾನೂ ಬೇಕಾದವನು’ ಅನ್ನೋದು ಮುಖ್ಯ.

ಇನ್ನೊಂದು ಸಂಗತಿ. ಹೊಸದಾಗಿ ಬಂದು ಹೆದರಿ ನಡುಗುವವನಿಗೆ ಹಳಬರು ಹೇಳುವ ಮಾತಿಗೆ ಡಾಕ್ಟರ ಮಾತಿಗಿಂತ ತೂಕ. “ನೋಡ್ ತಮ್ಮ, ನಂಗೆ ಆರ್ ವರ್ಷ ಆಯ್ತು. ಮೊದ್ಲು ತಿಂಗ್ಳು ನಂಗೂ ಹಿಂಗೇ ಆಗಿತ್ತು. ಐಸ್ ಚೂರು ಬಾಯಲ್ಲಿ ಇಟ್ಕೊ, ದಾಹ ತಡೀತದೆ.” ಹೇಳಿಸಿಕೊಂಡವನಿಗೂ ಧೈರ್ಯ, ಹೇಳಿದವನಿಗೂ ಒಂದು ಸ್ಥಾನ. ಇದಕ್ಕೆ ಸರ್ಕಾರದ ಆರ್ಡರು ಬೇಕಿಲ್ಲ.

ಕಿಡ್ನಿ ಕಸಿಯ ದಾರಿಯೂ ಇದೆ. 1994ರ ಅಂಗಾಂಗ ಕಸಿ ಕಾಯಿದೆ ಪ್ರಕಾರ ಹತ್ತಿರದ ರಕ್ತಸಂಬಂಧಿಗಳು, ಗಂಡ ಅಥವಾ ಹೆಂಡತಿ ಒಂದು ಕಿಡ್ನಿ ಕೊಡಬಹುದು. 2011ರ ತಿದ್ದುಪಡಿಯಲ್ಲಿ ಅಜ್ಜ ಅಜ್ಜಿ, ಮೊಮ್ಮಕ್ಕಳೂ ಸೇರಿದ್ದಾರೆ. ಮಿದುಳು ಸತ್ತವರ ಕಿಡ್ನಿಗೆ ‘ಜೀವಸಾರ್ಥಕತೆ’ ಎಂಬ ರಾಜ್ಯ ಸಂಸ್ಥೆಯ ಪಟ್ಟಿಯಲ್ಲಿ ಹೆಸರು ಬರೆಸಬಹುದು. ಪಟ್ಟಿ ಉದ್ದವಿದೆ, ನಿಜ. ಎಲ್ಲರಿಗೂ ಕಸಿ ಆಗುವುದಿಲ್ಲ ಅನ್ನೋದೂ ನಿಜ. ತಾನು ಅದಕ್ಕೆ ಅರ್ಹನೋ ಅಲ್ಲವೋ ಎಂಬುದನ್ನಾದರೂ ರೋಗಿಗೆ ಬಾಯಿಬಿಟ್ಟು ಹೇಳಬೇಕು. ಗೊತ್ತಿಲ್ಲದೆ ಕಾಯುವ ಸಂಕಟ ಗೊತ್ತಿದ್ದು ಕಾಯುವುದಕ್ಕಿಂತ ದೊಡ್ಡದು.

ಮಂಗಳವಾರದ ವಿಪರ್ಯಾಸ

ಈಗ ಆ ಕಾಂಪೌಂಡಿನ ಕಥೆ. ಮನಸ್ಸಿನ ಕಾಯಿಲೆಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಕೊಡಬಹುದು ಎಂದು ಇಡೀ ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಕರ್ನಾಟಕವೇ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಪ್ರಯೋಗ ನಡೆಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ರಾಜ್ಯದಲ್ಲಿ ಅದರ ಮೇಲೆ ‘ಮನೋಚೈತನ್ಯ’ ಎಂಬ ಯೋಜನೆಯೂ ಬಂತು: ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋರೋಗ ಕ್ಲಿನಿಕ್.

ಏನು ಹೆಚ್ಚು ಕಡಿಮೆಯಾಗಿದೆ ನೋಡಿ. ಮಂಗಳವಾರದ ಬ್ಯಾಚಿನ ಡಯಾಲಿಸಿಸ್ ರೋಗಿ ಅವತ್ತು ಆಸ್ಪತ್ರೆಯಲ್ಲೇ ಇರುತ್ತಾನೆ, ಮನೋವೈದ್ಯರೂ ಅಲ್ಲೇ ಇರುತ್ತಾರೆ. ಆದರೆ ರೋಗಿ ಯಂತ್ರಕ್ಕೆ ಕಟ್ಟಿಹಾಕಿದ ಸ್ಥಿತಿಯಲ್ಲಿ ನಾಲ್ಕು ಗಂಟೆ ಮಲಗಿರುತ್ತಾನೆ. ಎದ್ದು ಹೋಗುವ ಹಾಗಿಲ್ಲ. ಅವನು ಎದ್ದು, ಸುಧಾರಿಸಿಕೊಂಡು, ಕಾಲು ಎಳೆಯುತ್ತಾ ಬರುವ ಹೊತ್ತಿಗೆ ಹೊರರೋಗಿ ವಿಭಾಗದ ಸಮಯ ಮುಗಿದಿರುತ್ತದೆ. ಸೋಮವಾರದ ಬ್ಯಾಚಿನವನು ಇದಕ್ಕಾಗಿಯೇ ಮಂಗಳವಾರ ಇನ್ನೊಂದು ಸಲ ಬಸ್ಸು ಹತ್ತಬೇಕು. ಹೆಂಗಸರಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಪುಕ್ಕಟೆಯಾಗಿದೆ. ಗಂಡಸರು ಟಿಕೇಟು ತೆಗೆಯಲೇಬೇಕು, ಇನ್ನೊಂದು ದಿನದ ಕೂಲಿಯನ್ನೂ ಬಿಡಬೇಕು. ಬರುವವರುಂಟೆ?

ರೋಗಿ ಎದ್ದು ಬರಲಾರದಿದ್ದರೆ ಡಾಕ್ಟರೋ ಆಪ್ತ ಸಮಾಲೋಚಕರೋ ಎದ್ದು ಹೋಗಬಹುದಲ್ಲ? ನಾಲ್ಕು ಗಂಟೆ ಸುಮ್ಮನೆ ಮಲಗಿರುವ ಮನುಷ್ಯ ಮಾತಾಡಲು ಸಿಗುವುದು ಇಡೀ ಆಸ್ಪತ್ರೆಯಲ್ಲಿ ಆ ಒಂದು ಕೋಣೆಯಲ್ಲೇ!

ಇದು ನಾವು ಕೂತಲ್ಲೇ ಹೊಸೆದ ಯೋಚನೆಯಲ್ಲ. ಅಮೆರಿಕದಲ್ಲಿ ಖಿನ್ನತೆಯಿದ್ದ 120 ಡಯಾಲಿಸಿಸ್ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರೆ, ಇನ್ನೊಂದಕ್ಕೆ ಡಯಾಲಿಸಿಸ್ ನಡೆಯುತ್ತಿರುವಾಗಲೇ ಪಕ್ಕದಲ್ಲಿ ಕೂತು ಮಾತಿನ ಚಿಕಿತ್ಸೆ ಕೊಟ್ಟರು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. 12 ವಾರ ಕಳೆದಾಗ ಎರಡೂ ಗುಂಪಿನವರ ಖಿನ್ನತೆ ಇಳಿದಿತ್ತು. ಮಾತ್ರೆಯವರಿಗೆ ಸ್ವಲ್ಪ ಹೆಚ್ಚು ಗುಣ, ಜತೆಗೆ ಅಡ್ಡ ಪರಿಣಾಮವೂ ಸ್ವಲ್ಪ ಹೆಚ್ಚು. ಅಂದರೆ ಈ ಕಾಯಿಲೆಗೆ ಮದ್ದಿದೆ, ಹಾಸಿಗೆಯ ಪಕ್ಕದಲ್ಲೇ ಕೊಡಲೂ ಬರುತ್ತದೆ. ಕಿಡ್ನಿ ಗುಣವಾಗದಿದ್ದರೂ ಮನಸ್ಸು ಗುಣವಾಗಬಹುದು. ಮನಸ್ಸು ಗುಣವಾದವನು ಡಯಾಲಿಸಿಸ್ ತಪ್ಪಿಸುವುದಿಲ್ಲ. ಲಾಭ ಎರಡೂ ಕಡೆಗೆ.

ಆದ್ದರಿಂದ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ, ಪ್ರತಿ ತಾಲ್ಲೂಕಿನಲ್ಲಿ ಶಾಸಕರ ಅಧ್ಯಕ್ಷತೆಯ ಆರೋಗ್ಯ ರಕ್ಷಾ ಸಮಿತಿಗೂ ನಮ್ಮ ಕೋರಿಕೆ ಮೂರೇ. ಹೊಸ ಕಟ್ಟಡ ಬೇಡ, ಹೊಸ ಹುದ್ದೆಯೂ ಬೇಡ.

ಒಂದು: ಮಂಗಳವಾರದ ಕ್ಲಿನಿಕ್ಕಿಗೆ ಬಂದ ತಂಡ, ವಾಪಸ್ ಹೋಗುವ ಮುಂಚೆ ಒಂದು ಗಂಟೆ ಡಯಾಲಿಸಿಸ್ ಕೋಣೆಯಲ್ಲಿ ಸುತ್ತು ಹಾಕಲಿ. ತಿಂಗಳಿಗೊಮ್ಮೆ ಸೋಮವಾರದ ಬ್ಯಾಚಿಗೂ ಬರಲಿ.

ಎರಡು: ಅಲ್ಲಿನ ನರ್ಸು, ಟೆಕ್ನಿಷಿಯನ್‌ಗಳಿಗೆ ಎರಡು ಪ್ರಶ್ನೆ ಕೇಳಲು ಕಲಿಸಲಿ. ‘ಈ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿದೆಯೆ? ಮನಸ್ಸು ಕುಗ್ಗಿ, ದಾರಿಯೇ ಇಲ್ಲ ಅನ್ನಿಸಿದೆಯೆ?’ ವೈದ್ಯರೇ ಉಪಯೋಗಿಸುವ ಪ್ರಶ್ನೆಗಳಿವು. ಹೆಚ್ಚಿನ ದಿನ ಹೌದು ಎಂದವರನ್ನು ಡಾಕ್ಟರಿಗೆ ತೋರಿಸಲಿ.

ಮೂರು: ಡಯಾಲಿಸಿಸ್ ತಪ್ಪಿಸಿದವರ ಮನೆಗೆ ಅದೇ ದಿನ ಒಂದು ಫೋನು ಹೋಗಲಿ. ಬೈಯಲಿಕ್ಕಲ್ಲ, ‘ಯಾಕೆ ಬರಲಿಲ್ಲಪ್ಪ?’ ಎಂದು ಕೇಳಲಿಕ್ಕೆ.

ಮನೆಯವರಿಗೆ ನಾಲ್ಕು ಮಾತು

ಸರ್ಕಾರ ಮಾಡುವುದು ಮಾಡಲಿ, ಮನೆಯಲ್ಲಿ ಮಾಡುವುದೂ ಇದೆ. ಕಾಯಿಲೆಯವರ ಎದುರಿಗೆ ಸಾಲದ ಲೆಕ್ಕ ಆಡಬೇಡಿ. ಆದರೆ ಅವರಿಂದ ಎಲ್ಲವನ್ನೂ ಮುಚ್ಚಿಡಲೂ ಬೇಡಿ. ಮನೆಯ ತೀರ್ಮಾನಗಳಲ್ಲಿ ಅವರ ಮಾತು ಕೇಳಿ. ಕೈಲಾಗುವ ಕೆಲಸ ಅವರಿಗೇ ಬಿಡಿ, ಕಸಿದುಕೊಳ್ಳಬೇಡಿ. ನೆಂಟರು ನೋಡಲು ಹೋದರೆ ಹಣ್ಣಿನ ಬದಲು ಒಂದು ತಾಸು ಸಮಯ ತಗೊಂಡು ಹೋಗಿ, ಊರ ಸುದ್ದಿ ಮಾತಾಡಿ. ಅವರಿಗೂ ಕಾಯಿಲೆ ಮಾತು ಕೇಳಿ ಕೇಳಿ ಬೇಜಾರಾಗಿರುತ್ತದೆ.

ಆರೈಕೆ ಮಾಡುವ ಹೆಂಡತಿಯನ್ನೋ ತಾಯಿಯನ್ನೋ ಮರೆಯಬೇಡಿ. ವರ್ಷಕ್ಕೆ 156 ಸಲ ಆ ಬೆಂಚಿನ ಮೇಲೆ ಕಾಯುವವರ ಮನಸ್ಸೂ ಕಲ್ಲಲ್ಲ. ತಿಂಗಳಲ್ಲಿ ಒಂದೆರಡು ಸಲ ‘ಇವತ್ತು ನಾನು ಕರ್ಕೊಂಡ್ ಹೋಯ್ತೀನಿ, ನೀನು ಮಲಕ್ಕೊ ಅತ್ತಿಗೆ’ ಎಂದು ಒಬ್ಬ ಮೈದುನ ಹೇಳಿದರೆ ಅದು ದೊಡ್ಡ ಉಪಕಾರ.

‘ಸಾಯಬೇಕು ಅನ್ನಿಸ್ತದೆ’ ಎಂಬ ಮಾತು ಬಂದರೆ ಬಾಯಿ ಮುಚ್ಚಿಸಬೇಡಿ. ಪಕ್ಕದಲ್ಲಿ ಕೂತು ಕೇಳಿ, ಒಬ್ಬರನ್ನೇ ಬಿಡಬೇಡಿ, ತಡಮಾಡದೆ ಡಾಕ್ಟರಿಗೆ ತೋರಿಸಿ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ‘ಟೆಲಿ ಮಾನಸ್’ ಎಂಬ ಉಚಿತ ಫೋನ್ ಸೇವೆ ಇದೆ, ನಂಬರು 14416. ರಾತ್ರಿ ಹಗಲು ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಈ ನಂಬರನ್ನು ಪ್ರತಿ ಡಯಾಲಿಸಿಸ್ ಕೋಣೆಯ ಗೋಡೆಗೆ, ಮಲಗಿದವರಿಗೆ ಕಾಣುವ ಹಾಗೆ, ದೊಡ್ಡಕ್ಷರದಲ್ಲಿ ಬರೆಸಲು ಎಷ್ಟು ಬಣ್ಣ ಬೇಕಾದೀತು?

ಯಂತ್ರ ತರಿಸಿದ್ದಕ್ಕೆ ಅಧಿಕಾರಿಗಳಿಗೆ ಈ ಪತ್ರಿಕೆ ಕೃತಜ್ಞವಾಗಿದೆ. ಇನ್ನು ಬೇಕಾಗಿರುವುದು ಒಂದು ವರಾಂಡ ದಾಟಿ ಆ ಕೋಣೆಗೆ ಹೋಗುವ ಒಬ್ಬ ಮನುಷ್ಯ. ಬರುವ ಮಂಗಳವಾರದಿಂದಲೇ ಆಗಬಹುದಾದ ಕೆಲಸ ಇದು. ಸಂಬಂಧಪಟ್ಟವರು ಗಮನಿಸುವರೆ?